ಮೊದಲ ಸಿನಿಮಾಕ್ಕೆ ಯಾವ ಕ್ಯಾಮೆರಾ? ಕಡಿಮೆ ಬಜೆಟ್‌ನವರಿಗೆ ಮುರಗೂಡ ಸೀಮೆಯಿಂದ ಒಂದು ಕೈಪಿಡಿ

ಕೊಲ್ಹಾಪುರ ಜಿಲ್ಲೆಯ ಕಾಗಲ್ ತಾಲೂಕಿನಲ್ಲಿ ಮುರಗೂಡ ಎಂಬ ಪುಟ್ಟ ಪಟ್ಟಣ ಉಂಟು. ವೇದಗಂಗಾ ನದಿಯ ಸೀಮೆ. ಕರ್ನಾಟಕದ ನಿಪ್ಪಾಣಿ ಇಲ್ಲಿಂದ ದೂರವೇನಲ್ಲ. ಮನೆಯೊಳಗೆ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು ಭಾಷೆ ಎಂಬುದು ಈ ಗಡಿಭಾಗದಲ್ಲಿ ಹೊಸತಲ್ಲ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಮಾತಾಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯ ಹುಡುಗನೊಬ್ಬನಿಗೆ ಕಿರುಚಿತ್ರ ಮಾಡುವ ಆಸೆ ಹುಟ್ಟಿತೆಂದು ಇಟ್ಟುಕೊಳ್ಳಿ. ಕೈಯಲ್ಲಿ 60 ಸಾವಿರ ರೂಪಾಯಿ. ಅರ್ಧ ಅವನ ದುಡಿಮೆ, ಉಳಿದದ್ದು ತಾಯಿ ಕೂಡಿಟ್ಟದ್ದು. ಅಂಗಡಿಗೆ ಹೋಗುತ್ತಾನೆ. "ಇನ್ನು ಸ್ವಲ್ಪ ಹಾಕಿದ್ರೆ ಇದಕ್ಕಿಂತ ಒಳ್ಳೆಯದು ಬರ್ತದೆ, ಬಾಕಿ ಕಂತಿನಲ್ಲಿ ಕಟ್ಟಿ" ಅಂತ ಯಾರೋ ಹೇಳುತ್ತಾರೆ. ಹೊಳೆಯುವ ಕ್ಯಾಮೆರಾ ಮನೆಗೆ ಬರುತ್ತದೆ. ಆದರೆ ಮೈಕ್ ಇಲ್ಲ, ಟ್ರೈಪಾಡ್ ಇಲ್ಲ, ಎರಡನೇ ಬ್ಯಾಟರಿ ಇಲ್ಲ, ಶೂಟಿಂಗ್ ದಿನ ಹತ್ತು ಜನರಿಗೆ ಊಟ ಹಾಕಲು ಹಣ ಇಲ್ಲ. ಸಿನಿಮಾ ಆಗುವುದಿಲ್ಲ, ಕಂತು ಮಾತ್ರ ತಿಂಗಳು ತಿಂಗಳು ಬರುತ್ತಾ ಇರುತ್ತದೆ.

ಮುರಗೂಡದಲ್ಲೂ ಮುಡಿಪುವಿನಲ್ಲೂ ನಡೆಯುವ ಕಥೆ ಇದು. ಅಂಥ ಹುಡುಗರಿಗೆ, ಹುಡುಗಿಯರಿಗೆ ಈ ಲೇಖನ. ಹೇಳಲಿಕ್ಕೆ ಇರುವುದು ಮುಖ್ಯವಾಗಿ ಒಂದೇ ಮಾತು: ನಿಮ್ಮ ಬಜೆಟ್‌ಗೆ ಬರುವ ಅತ್ಯಂತ ದುಬಾರಿ ಕ್ಯಾಮೆರಾ ಕೊಳ್ಳಬೇಡಿ. ಸಿನಿಮಾ ಮುಗಿಸಲು ಮತ್ತು ಮುಂದಿನ ಸಿನಿಮಾ ಶುರು ಮಾಡಲು ಹಣ ಉಳಿಸುವ ಕ್ಯಾಮೆರಾ ಕೊಳ್ಳಿ.

ಕ್ಯಾಮೆರಾವನ್ನೇ ಕಟ್ಟಿದ ಊರು

ಕೊಲ್ಹಾಪುರದ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. ಬಾಬುರಾವ್ ಪೇಂಟರ್ 1890ರಲ್ಲಿ ಹುಟ್ಟಿದ್ದು ಇದೇ ಕೊಲ್ಹಾಪುರದಲ್ಲಿ. ನಾಟಕ ಕಂಪೆನಿಗಳಿಗೆ ಪರದೆ ಬರೆಯುತ್ತಿದ್ದ ಕಲಾವಿದ. 1913ರಲ್ಲಿ ದಾದಾಸಾಹೇಬ್ ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಬಂದ ಮೇಲೆ ಬಾಬುರಾವ್ ಮತ್ತು ಅವರ ಸಂಬಂಧಿ ಆನಂದರಾವ್‌ಗೆ ಸಿನಿಮಾದ ಹುಚ್ಚು ಹಿಡಿಯಿತು. ವಿದೇಶಿ ಕ್ಯಾಮೆರಾ ಕೊಳ್ಳುವಷ್ಟು ಹಣ ಇರಲಿಲ್ಲ. ಹಾಗಾಗಿ ತಾವೇ ಕಟ್ಟಲು ಹೊರಟರು. ಕೆಲಸ ಮುಗಿಯುವ ಮೊದಲೇ, 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ಬಿಡಲಿಲ್ಲ. ವಿಷ್ಣುಪಂತ ದಾಮ್ಲೆಯವರ ಜೊತೆ ಸೇರಿ 1918ರ ಹೊತ್ತಿಗೆ ಕೆಲಸ ಮಾಡುವ ಕ್ಯಾಮೆರಾ ತಯಾರಿಸಿದರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪೆನಿಗೆ ಹಣದ ನೆರವು ಕೊಟ್ಟವರು ತಾನಿಬಾಯಿ ಕಾಗಲ್‌ಕರ್ ಎಂಬ ಗಾಯಕಿ. ಹೆಸರಿನಲ್ಲೇ ಕಾಗಲ್ ಉಂಟು ನೋಡಿ. 1920ರಲ್ಲಿ 'ಸೈರಂಧ್ರಿ' ತೆರೆಗೆ ಬಂತು.

ಅದೇ ಕಂಪೆನಿಯಲ್ಲಿ ಕೆಲಸ ಕಲಿತ ಇನ್ನೊಬ್ಬರು ಶೇಖ್ ಫತ್ತೇಲಾಲ್. ಇವರು ಹುಟ್ಟಿದ್ದು ಕಾಗಲ್‌ನಲ್ಲಿ. ದಾಮ್ಲೆ, ವಿ. ಶಾಂತಾರಾಮ್ ಮೊದಲಾದವರ ಜೊತೆ 1929ರಲ್ಲಿ ಕೊಲ್ಹಾಪುರದಲ್ಲಿ ಪ್ರಭಾತ್ ಫಿಲ್ಮ್ ಕಂಪೆನಿ ಕಟ್ಟಿದವರಲ್ಲಿ ಇವರೂ ಒಬ್ಬರು. ದಾಮ್ಲೆ ಮತ್ತು ಫತ್ತೇಲಾಲ್ ಒಟ್ಟಾಗಿ ನಿರ್ದೇಶಿಸಿದ 'ಸಂತ ತುಕಾರಾಂ' (1936) ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಪ್ರಭಾತ್ 1933ರಲ್ಲಿ ಪುಣೆಗೆ ಹೋಯಿತು. ಆ ಸ್ಟುಡಿಯೋ ಇದ್ದ ಜಾಗದಲ್ಲೇ 1960ರಲ್ಲಿ ದೇಶದ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಯಿತು.

ಇವರ ಕೈಯಲ್ಲಿ ಆ ಕಾಲದ ಅತ್ಯುತ್ತಮ ಕ್ಯಾಮೆರಾ ಇರಲಿಲ್ಲ. ಇದ್ದದ್ದರ ಗುಣ ದೋಷ ಪೂರ್ತಿ ಗೊತ್ತಿತ್ತು, ಯಾಕೆಂದರೆ ಕಟ್ಟಿದ್ದು ಅವರೇ. ನಿಮ್ಮ ಕ್ಯಾಮೆರಾ ನೀವು ಕಟ್ಟಬೇಕಾಗಿಲ್ಲ, ಆದರೆ ಅದನ್ನು ಅಷ್ಟೇ ಚೆನ್ನಾಗಿ ಅರಿತಿರಬೇಕು.

ಮೊದಲು ಹಣದ ಲೆಕ್ಕ

ಅಂಗಡಿಗೆ ಹೋಗುವ ಮೊದಲು ಒಂದು ಕಾಗದ ತೆಗೆದುಕೊಳ್ಳಿ. ಒಟ್ಟು ಹಣವನ್ನು ಹೀಗೆ ಭಾಗ ಮಾಡಿ:

• ಕ್ಯಾಮೆರಾ ಮತ್ತು ಲೆನ್ಸ್: ನೂರರಲ್ಲಿ 45 ಭಾಗ ಮೀರಬಾರದು
• ಸೌಂಡ್ (ಮೈಕ್, ರೆಕಾರ್ಡರ್, ಹೆಡ್‌ಫೋನ್): 15 ಭಾಗ
• ಟ್ರೈಪಾಡ್ ಮತ್ತು ಬೆಳಕು: 15 ಭಾಗ
• ಬ್ಯಾಟರಿ, ಮೆಮೊರಿ ಕಾರ್ಡ್, ಹಾರ್ಡ್ ಡಿಸ್ಕ್: 10 ಭಾಗ
• ಶೂಟಿಂಗ್ ಖರ್ಚು (ಊಟ, ಬಸ್, ಬಟ್ಟೆ, ಸಾಮಾನು): 15 ಭಾಗ

ಇದು ಕಲ್ಲಿನಲ್ಲಿ ಕೆತ್ತಿದ ಕಾನೂನಲ್ಲ. ಆದರೆ ಕ್ಯಾಮೆರಾ ಭಾಗ ಅರ್ಧ ದಾಟಿತೆಂದರೆ ಉಳಿದ ಯಾವುದೋ ಒಂದು ಸೊನ್ನೆ ಆಗುತ್ತದೆ, ಹೆಚ್ಚಿನ ಸಲ ಅದು ಸೌಂಡ್ ಆಗಿರುತ್ತದೆ. ಚಿತ್ರ ಸ್ವಲ್ಪ ಮಸುಕಾದರೆ ನೋಡುವವರು ಸಹಿಸುತ್ತಾರೆ. ಮಾತು ಕೇಳದಿದ್ದರೆ ಎರಡನೇ ನಿಮಿಷಕ್ಕೆ ಎದ್ದು ಹೋಗುತ್ತಾರೆ.

ಜೇಬಿನಲ್ಲಿರುವ ಫೋನ್ ಸಾಕಾ?

ಹೆಚ್ಚಿನವರ ಮೊದಲ ಸಿನಿಮಾಕ್ಕೆ ಸಾಕು. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಅಮೆರಿಕದ ಶಾನ್ ಬೇಕರ್ 2015ರ 'ಟ್ಯಾಂಜರೀನ್' ಚಿತ್ರವನ್ನು ತೆಗೆದದ್ದು ಐಫೋನ್ 5ಎಸ್‌ನಲ್ಲಿ. ಇವತ್ತು ನಮ್ಮ ಊರಿನ ಹುಡುಗರ ಕೈಯಲ್ಲಿರುವ ಎಷ್ಟೋ ಫೋನುಗಳು ಅದಕ್ಕಿಂತ ಮುಂದೆ ಹೋಗಿವೆ. ಆದರೆ ಬೇಕರ್ ಫೋನಿನ ಮುಂದೆ ಬೇರೆ ಲೆನ್ಸ್ ಹಾಕಿದರು, ಒಳ್ಳೆಯ ಆ್ಯಪ್ ಬಳಸಿದರು, ಸೌಂಡ್ ಬೇರೆಯಾಗಿ ರೆಕಾರ್ಡ್ ಮಾಡಿದರು. ಫೋನ್ ಅಗ್ಗ ಇರಬಹುದು, ಕೆಲಸ ಅಗ್ಗ ಇರಲಿಲ್ಲ.

ಫೋನಿನಲ್ಲಿ ತೆಗೆಯುವವರು ಇಷ್ಟು ಮಾಡಿ:

1. ಲೆನ್ಸ್ ಒರೆಸಿ. ನಗಬೇಡಿ, ಅರ್ಧ ಫೋನ್ ವೀಡಿಯೋಗಳು ಮಂಜು ಮಂಜಾಗಿ ಬರುವುದು ಬೆರಳಿನ ಎಣ್ಣೆಯಿಂದ.

2. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ. ಐಫೋನ್‌ಗೂ ಹಲವು ಆಂಡ್ರಾಯ್ಡ್ ಫೋನ್‌ಗಳಿಗೂ ಸಿಗುತ್ತದೆ. ಅದರಲ್ಲಿ ಶಟರ್, ಬಣ್ಣದ ವೈಟ್ ಬ್ಯಾಲೆನ್ಸ್, ಫೋಕಸ್ ಎಲ್ಲವನ್ನೂ ಲಾಕ್ ಮಾಡಬಹುದು. ಲಾಕ್ ಮಾಡದಿದ್ದರೆ ಒಂದೇ ಶಾಟ್ ನಡುವೆ ಮುಖದ ಬಣ್ಣ ಬದಲಾಗುತ್ತದೆ.

3. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಕೆಲವು ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬುಗಳು ಅದಕ್ಕೆ ತಕ್ಕ ಹಾಗೆ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ವೀಡಿಯೋದಲ್ಲಿ ಕಪ್ಪು ಪಟ್ಟಿ ಓಡುತ್ತದೆ. 30 ಫ್ರೇಮ್, 1/60 ಇಟ್ಟವರಿಗೆ ಈ ತೊಂದರೆ ಜಾಸ್ತಿ. ಕ್ಯಾಮೆರಾದಲ್ಲಿ ತೆಗೆಯುವವರಿಗೂ ಇದೇ ನಿಯಮ.

4. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಬದಲಿಸಲು ಆಗುವುದಿಲ್ಲ. ಹಾಗಾಗಿ ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಪೂರ್ತಿ ಬೆಳ್ಳಗೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ, ಇಲ್ಲವೇ ಹೊರಗಿನ ದೃಶ್ಯಗಳನ್ನು ಬೆಳಗ್ಗೆ, ಸಂಜೆ ತೆಗೆಯಿರಿ.

5. ಬೆರಳಲ್ಲಿ ಎಳೆದು ಝೂಮ್ ಮಾಡಬೇಡಿ. ನೀವೇ ಹತ್ತಿರ ನಡೆಯಿರಿ.

6. ಏರೋಪ್ಲೇನ್ ಮೋಡ್ ಹಾಕಿ. ಒಳ್ಳೆಯ ಟೇಕ್ ನಡುವೆ ಅತ್ತೆಯ ಫೋನ್ ಬಂದರೆ ಟೇಕ್ ಹೋಯಿತು.

ಇನ್ನೊಂದು ಗುಟ್ಟು. ಫೋನಿನ ಸಾಮಾನ್ಯ ಕ್ಯಾಮೆರಾ ಆ್ಯಪ್ ಫ್ರೇಮ್ ವೇಗವನ್ನು ತನ್ನಷ್ಟಕ್ಕೆ ಏರಿಸುತ್ತದೆ, ಇಳಿಸುತ್ತದೆ. ಎಡಿಟಿಂಗ್‌ನಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿದ ಸೌಂಡ್ ಕೂಡಿಸಿದಾಗ ತುಟಿಗೂ ಮಾತಿಗೂ ತಾಳೆ ಆಗುವುದಿಲ್ಲ. ಮೇಲೆ ಹೇಳಿದ ಆ್ಯಪ್ ಬಳಸಿದರೆ ಈ ತೊಂದರೆ ಕಡಿಮೆ. ಈಗಾಗಲೇ ತೆಗೆದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್ ವೇಗಕ್ಕೆ ಪರಿವರ್ತಿಸಿ ಆಮೇಲೆ ಎಡಿಟ್ ಮಾಡಿ.

ಕ್ಯಾಮೆರಾ ಕೊಳ್ಳುವುದಾದರೆ ಏನು ನೋಡಬೇಕು?

ಫೋನಿನಲ್ಲಿ ಎರಡು ಮೂರು ಕಿರುಚಿತ್ರ ಆಯಿತು, ಅದರ ಮಿತಿ ಎಲ್ಲಿ ಅಂತ ಗೊತ್ತಾಯಿತು. ಆಗ ಕ್ಯಾಮೆರಾ ಕೊಳ್ಳಿ. ಅಂಗಡಿಯವರು ಮೆಗಾಪಿಕ್ಸೆಲ್ ಬಗ್ಗೆ ಹೇಳಿದರೆ ಕೇಳಿ ಬಿಟ್ಟುಬಿಡಿ, ಅದು ಫೋಟೋದವರ ಲೆಕ್ಕ. 4ಕೆ ವೀಡಿಯೋಗೆ ಸುಮಾರು 8 ಮೆಗಾಪಿಕ್ಸೆಲ್ ಸಾಕು. ಸಿನಿಮಾದವರು ಕೇಳಬೇಕಾದ ಪ್ರಶ್ನೆಗಳು ಬೇರೆ:

*ಮೈಕ್ ಜಾಕ್ ಉಂಟಾ?* ಇಲ್ಲದಿದ್ದರೆ ಅಲ್ಲಿಗೇ ಬಿಡಿ. ಹೆಡ್‌ಫೋನ್ ಜಾಕ್ ಕೂಡ ಇದ್ದರೆ ಇನ್ನೂ ಒಳ್ಳೆಯದು. ರೆಕಾರ್ಡ್ ಆಗುವುದನ್ನು ಆಗಲೇ ಕೇಳಬಹುದು. ಕಡಿಮೆ ಬೆಲೆಯ ಹಲವು ಕ್ಯಾಮೆರಾಗಳಲ್ಲಿ ಮೈಕ್ ಜಾಕ್ ಇರುತ್ತದೆ, ಹೆಡ್‌ಫೋನ್ ಜಾಕ್ ಇರುವುದಿಲ್ಲ.

*4ಕೆ ಎಂದರೆ ನಿಜವಾದ 4ಕೆಯಾ?* ಕೆಲವು ಮಾದರಿಗಳಲ್ಲಿ 4ಕೆ ಒತ್ತಿದ ಕೂಡಲೇ ಸೆನ್ಸರ್‌ನ ನಡುವಿನ ಭಾಗ ಮಾತ್ರ ಬಳಕೆಯಾಗುತ್ತದೆ, ದೃಶ್ಯ ಹತ್ತಿರ ಬಂದ ಹಾಗೆ ಆಗುತ್ತದೆ. ಚಿಕ್ಕ ಕೋಣೆಯಲ್ಲಿ ಶೂಟ್ ಮಾಡುವಾಗ ಹಿಂದಕ್ಕೆ ಹೋಗಲು ಗೋಡೆ ಬಿಡುವುದಿಲ್ಲ. ಅಂಗಡಿಯಲ್ಲೇ 4ಕೆ ಹಾಕಿ ವ್ಯತ್ಯಾಸ ನೋಡಿ.

*ನಿಮಗೆ 4ಕೆ ಬೇಕಾ?* ಟಾಕೀಸಿನ 2ಕೆ ಪ್ರೊಜೆಕ್ಷನ್ 2048 ಪಿಕ್ಸೆಲ್ ಅಗಲ. ಫುಲ್ ಎಚ್‌ಡಿ 1920 ಪಿಕ್ಸೆಲ್. ದೊಡ್ಡ ಅಂತರ ಏನಿಲ್ಲ. ಫೋನಿನಲ್ಲಿ ನೋಡುವವರಿಗಂತೂ ಒಳ್ಳೆಯ ಫುಲ್ ಎಚ್‌ಡಿ ಧಾರಾಳ ಸಾಕು. 4ಕೆ ಇದ್ದರೆ ಎಡಿಟಿಂಗ್‌ನಲ್ಲಿ ಸ್ವಲ್ಪ ಕತ್ತರಿಸಿಕೊಳ್ಳಲು ಅನುಕೂಲ, ಅಷ್ಟೇ.

*ಫೋಕಸ್ ಹೇಗೆ?* ಒಬ್ಬನೇ ಕ್ಯಾಮೆರಾ ಹಿಡಿಯುವವನಿಗೆ ಮುಖವನ್ನು ಬಿಡದೆ ಹಿಂಬಾಲಿಸುವ ಆಟೋಫೋಕಸ್ ದೊಡ್ಡ ಸಹಾಯ. ಅಂಗಡಿಯಲ್ಲಿ ಗೆಳೆಯನನ್ನು ಕ್ಯಾಮೆರಾ ಕಡೆಗೆ ನಡೆಸಿ ಪರೀಕ್ಷೆ ಮಾಡಿ.

*ಎಷ್ಟು ಹೊತ್ತು ರೆಕಾರ್ಡ್ ಆಗುತ್ತದೆ?* ಹಳೆಯ ಹಲವು ಡಿಎಸ್‌ಎಲ್‌ಆರ್‌ಗಳು 29 ನಿಮಿಷ 59 ಸೆಕೆಂಡಿಗೆ ನಿಲ್ಲುತ್ತವೆ. ಕಥಾಚಿತ್ರಕ್ಕೆ ಇದು ಸಮಸ್ಯೆ ಅಲ್ಲ. ಸಂದರ್ಶನ, ಭಾಷಣ ತೆಗೆಯುವವರಿಗೆ ಸಮಸ್ಯೆ.

*ಸೆನ್ಸರ್ ಎಷ್ಟು ದೊಡ್ಡದು?* ಫುಲ್ ಫ್ರೇಮ್ 36×24 ಮಿಲಿಮೀಟರ್. ಎಪಿಎಸ್-ಸಿ ಅದಕ್ಕಿಂತ ಚಿಕ್ಕದು, ಅಗಲ 22ರಿಂದ 24 ಮಿಲಿಮೀಟರ್ ಒಳಗೆ. ಮೈಕ್ರೋ ಫೋರ್ ಥರ್ಡ್ಸ್ ಇನ್ನೂ ಚಿಕ್ಕದು, 17.3×13. ದೊಡ್ಡ ಸೆನ್ಸರ್ ಕತ್ತಲೆಯಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅದರ ಲೆನ್ಸ್‌ಗಳೂ ದುಬಾರಿ. ಆರಂಭಕ್ಕೆ ಎಪಿಎಸ್-ಸಿ ಸಾಕು.

ಯಾವ ಮಾದರಿಗಳನ್ನು ನೋಡಬಹುದು?

ಬೆಲೆ ತಿಂಗಳು ತಿಂಗಳು ಬದಲಾಗುವುದರಿಂದ ಇಲ್ಲಿ ಬೆಲೆ ಬರೆದಿಲ್ಲ. ಗುಣ ದೋಷ ಮಾತ್ರ ಹೇಳುತ್ತೇವೆ.

• ಸೋನಿ ಝಡ್‌ವಿ-ಇ10 (2021): ಮೈಕ್, ಹೆಡ್‌ಫೋನ್ ಎರಡೂ ಜಾಕ್ ಉಂಟು. ಆಟೋಫೋಕಸ್ ಗಟ್ಟಿ. ಲೆನ್ಸ್ ಆಯ್ಕೆ ಜಾಸ್ತಿ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಬಾಡಿಯೊಳಗೆ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ಬೇಗ ಬೇಗ ತಿರುಗಿಸಿದರೆ ಕಂಬಗಳು ವಾಲಿದ ಹಾಗೆ ಕಾಣುತ್ತವೆ.

• ಕೆನಾನ್ ಆರ್50 (2023): 4ಕೆಯಲ್ಲಿ ಕತ್ತರಿಸುವುದಿಲ್ಲ. ಮುಖದ ಬಣ್ಣ ಚೆನ್ನಾಗಿ ಬರುತ್ತದೆ. ಅಡಾಪ್ಟರ್ ಹಾಕಿದರೆ ಕೆನಾನ್‌ನ ಹಳೆಯ ಇಎಫ್ ಲೆನ್ಸ್‌ಗಳು ನಡೆಯುತ್ತವೆ. ಹೆಡ್‌ಫೋನ್ ಜಾಕ್ ಇಲ್ಲ.

• ನಿಕಾನ್ ಝಡ್30 (2022): ಇದರಲ್ಲೂ 4ಕೆ ಕತ್ತರಿಸುವುದಿಲ್ಲ. ಹೆಚ್ಚು ಹೊತ್ತು ರೆಕಾರ್ಡ್ ಮಾಡಬಹುದು. ಹೆಡ್‌ಫೋನ್ ಜಾಕ್, ವ್ಯೂಫೈಂಡರ್ ಇಲ್ಲ.

• ಕೆನಾನ್ 200ಡಿ ಮಾರ್ಕ್ 2 (2019), ಸೆಕೆಂಡ್ ಹ್ಯಾಂಡ್: ಫುಲ್ ಎಚ್‌ಡಿಯಲ್ಲಿ ಒಳ್ಳೆಯ ಆಟೋಫೋಕಸ್. 4ಕೆ ಹಾಕಿದರೆ ದೃಶ್ಯ ಕತ್ತರಿಸುತ್ತದೆ, ಆ ಒಳ್ಳೆಯ ಫೋಕಸ್ ಕೂಡ ಇಲ್ಲ. ಹಾಗಾಗಿ ಇದನ್ನು ಫುಲ್ ಎಚ್‌ಡಿ ಕ್ಯಾಮೆರಾ ಅಂತಲೇ ಕೊಳ್ಳಿ.

• ಪ್ಯಾನಾಸಾನಿಕ್ ಜಿ85 (2016), ಸೆಕೆಂಡ್ ಹ್ಯಾಂಡ್: ಬಾಡಿಯೊಳಗೇ ಕೈನಡುಕ ತಡೆಯುವ ವ್ಯವಸ್ಥೆ ಉಂಟು. ಕೈಯಲ್ಲಿ ಹಿಡಿದು ಶೂಟ್ ಮಾಡುವವರಿಗೆ ಒಳ್ಳೆಯದು. ಆಟೋಫೋಕಸ್ ನಂಬುವ ಹಾಗಿಲ್ಲ, ಕೈಯಲ್ಲೇ ಫೋಕಸ್ ಮಾಡಲು ಕಲಿಯಬೇಕು.

"ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಸಿನಿಮಾ ಕ್ಯಾಮೆರಾ ತಗೊಳ್ಳೋದಾ?" ಅಂತ ಕೆಲವರು ಕೇಳುತ್ತಾರೆ. ಚಿತ್ರ ಬಹಳ ಚೆಂದ. ಆದರೆ ಮುಖ ಹಿಂಬಾಲಿಸುವ ಆಟೋಫೋಕಸ್ ಇಲ್ಲ, ಬ್ಯಾಟರಿ ಬೇಗ ಮುಗಿಯುತ್ತದೆ, ಫೈಲ್‌ಗಳಿಗೆ ದೊಡ್ಡ ಡಿಸ್ಕ್, ಗಟ್ಟಿ ಕಂಪ್ಯೂಟರ್ ಬೇಕು. ಮೊದಲ ಕ್ಯಾಮೆರಾ ಅಲ್ಲ ಅದು.

ಲೆನ್ಸ್: ಎಲ್ಲರೂ ಮಾಡುವ ತಪ್ಪು

ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಝೂಮ್ ಮಾಡಿದಾಗ ಸಾಮಾನ್ಯವಾಗಿ ಎಫ್/5.6ಕ್ಕೆ ಇಳಿಯುತ್ತದೆ. ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು ಒಂಬತ್ತು ಹತ್ತು ಪಟ್ಟು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ರಾತ್ರಿ ಒಂದೇ ಬಲ್ಬಿನ ಅಡುಗೆ ಕೋಣೆಯಲ್ಲಿ ಶೂಟ್ ಮಾಡುವವನಿಗೆ ಈ ವ್ಯತ್ಯಾಸ ಹೊಸ ಕ್ಯಾಮೆರಾಕ್ಕಿಂತ ದೊಡ್ಡದು.

ಇದನ್ನು ಕೇಳಿದ ಕೂಡಲೇ ಎಲ್ಲರೂ ಅಗ್ಗದ 50 ಮಿಲಿಮೀಟರ್ ಎಫ್/1.8 ತರುತ್ತಾರೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದು 75-80 ಮಿಲಿಮೀಟರ್‌ನ ಹಾಗೆ ಕಾಣುತ್ತದೆ. ಮುಖದ ಕ್ಲೋಸಪ್‌ಗೆ ಚೆಂದ. ಆದರೆ ನಮ್ಮ ಮನೆಗಳ ಚಿಕ್ಕ ಕೋಣೆಯಲ್ಲಿ ಇಬ್ಬರನ್ನು ಒಟ್ಟಿಗೆ ಫ್ರೇಮಿಗೆ ತರಲು ಆಗುವುದಿಲ್ಲ. ಒಂದೇ ಲೆನ್ಸ್ ಕೊಳ್ಳುವುದಾದರೆ 24ರಿಂದ 35 ಮಿಲಿಮೀಟರ್ ಒಳಗೆ ನೋಡಿ.

ಸೌಂಡ್: ಮೈಕ್ ಬಾಯಿಯ ಹತ್ತಿರ ಇರಲಿ

ಮೈಕಿನ ಬೆಲೆಗಿಂತ ಮೈಕ್ ಎಲ್ಲಿದೆ ಎಂಬುದು ಮುಖ್ಯ. ಬಯಲಲ್ಲಿ ಮೈಕ್ ಇರುವ ದೂರ ಎರಡು ಪಟ್ಟಾದರೆ ಮಾತಿನ ಮಟ್ಟ 6 ಡೆಸಿಬಲ್ ಇಳಿಯುತ್ತದೆ. ಹಿಂದಿನ ರಿಕ್ಷಾ, ಫ್ಯಾನ್, ಮಗ್ಗದ ಸದ್ದು ಹಾಗೆಯೇ ಇರುತ್ತದೆ. ಇಚಲಕರಂಜಿಯಂಥ ಪವರ್‌ಲೂಮ್ ಊರಿನಲ್ಲಿ ಶೂಟ್ ಮಾಡಿ ನೋಡಿ, ಈ ಮಾತು ಅರ್ಥ ಆಗುತ್ತದೆ. ಕ್ಯಾಮೆರಾ ತಲೆಯ ಮೇಲೆ ಕೂತ ದುಬಾರಿ ಮೈಕ್‌ಗಿಂತ ಅಂಗಿಯೊಳಗೆ ಸಿಕ್ಕಿಸಿದ ಅಗ್ಗದ ಕಾಲರ್ ಮೈಕ್ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೂ ಅಗ್ಗದ ದಾರಿ: ಮನೆಯಲ್ಲಿರುವ ಎರಡನೇ ಫೋನಿಗೆ ವೈರ್ ಇರುವ ಕಾಲರ್ ಮೈಕ್ ಚುಚ್ಚಿ, ಫೋನ್ ನಟನ ಜೇಬಿನಲ್ಲಿಟ್ಟು ರೆಕಾರ್ಡ್ ಮಾಡಿ. ಪ್ರತಿ ಟೇಕ್ ಮೊದಲು ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ಹೊಡೆಯಿರಿ. ಎಡಿಟಿಂಗ್‌ನಲ್ಲಿ ಆ ಚಪ್ಪಾಳೆಯ ಜಾಗ ಹಿಡಿದು ಸೌಂಡ್ ಕೂಡಿಸಬಹುದು. ಗಟ್ಟಿ ಮಾತು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ಇರಲಿ, ಸೊನ್ನೆ ಮುಟ್ಟಿದರೆ ಒಡೆಯುತ್ತದೆ. ಖಾಲಿ ಕೋಣೆ ಪ್ರತಿಧ್ವನಿಸಿದರೆ ಕಂಬಳಿ, ಚಾಪೆ, ಹಾಸಿಗೆ ತಂದು ಗೋಡೆಗೆ ಒರಗಿಸಿ. ಫ್ಯಾನ್, ಫ್ರಿಜ್ ಬಂದ್ ಮಾಡಿ. ಶೂಟಿಂಗ್ ಮುಗಿದ ಮೇಲೆ ಫ್ರಿಜ್ ಹಾಕಲು ಮರೆಯಬೇಡಿ, ಮನೆಯವರು ಮುಂದಿನ ಸಲ ಬಿಡುವುದಿಲ್ಲ.

ಬೆಳಕು ಕಿಟಕಿಯಿಂದ ಬರಲಿ

ಬಾಬುರಾವ್ ಪೇಂಟರ್ 1923ರ 'ಸಿಂಹಗಡ'ದಲ್ಲಿ ಕೃತಕ ಬೆಳಕು ಬಳಸಿದರು ಎನ್ನುತ್ತಾರೆ. ಆ ಕಾಲಕ್ಕೆ ಅದು ದೊಡ್ಡ ಸಾಹಸ. ನಿಮಗೆ ಮೊದಲ ಸಿನಿಮಾಕ್ಕೆ ಒಂದು ಕಿಟಕಿ, ಒಂದು ಬಿಳಿ ಥರ್ಮೋಕೋಲ್ ಹಾಳೆ, ಒಂದು ಎಲ್‌ಇಡಿ ಪ್ಯಾನಲ್ ಸಾಕು. ನಟನನ್ನು ಕಿಟಕಿಯ ಪಕ್ಕ ಕೂರಿಸಿ, ಇನ್ನೊಂದು ಬದಿಯಲ್ಲಿ ಥರ್ಮೋಕೋಲ್ ಹಿಡಿಯಿರಿ. ಸತ್ಯಜಿತ್ ರಾಯ್ ಅವರ ಛಾಯಾಗ್ರಾಹಕ ಸುಬ್ರತೋ ಮಿತ್ರ 1956ರ 'ಅಪರಾಜಿತೋ'ದಲ್ಲಿ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿ ಅದರಿಂದ ಬೆಳಕು ತಿರುಗಿಸಿದರು. ಅವರ ಮೊದಲ ಸಿನಿಮಾ 'ಪಥೇರ್ ಪಾಂಚಾಲಿ'. ಅದಕ್ಕೆ ಮುಂಚೆ ಅವರು ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಹಳೆಯ ಕ್ಯಾಮೆರಾ ಕೊಳ್ಳಲು ನಾಚಿಕೆ ಬೇಡ, ಎಚ್ಚರ ಬೇಕು. ಅರ್ಧ ಗಂಟೆ ಸಮಯ ಕೇಳಿ ಇಷ್ಟು ನೋಡಿ:

1. ಲೆನ್ಸ್ ತೆಗೆದು ಒಂದು ಬದಿಯಿಂದ ಟಾರ್ಚ್ ಹಾಕಿ ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯ ಹಾಗೆ ಎಳೆ ಎಳೆ ಕಂಡರೆ ಫಂಗಸ್. ಕರಾವಳಿಯ ಮಳೆಗಾಲದಲ್ಲಿ ಇದು ಸಾಮಾನ್ಯ. ತೆಗೆದುಕೊಳ್ಳಬೇಡಿ.
2. ಬಿಳಿ ಗೋಡೆಗೆ ಹಿಡಿದು, ಅಪರ್ಚರ್ ಚಿಕ್ಕದು ಮಾಡಿ ಒಂದು ಫೋಟೋ ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು. ಒರೆಸಿದರೆ ಹೋಗುತ್ತದೆ. ಗೀರು ಆದರೆ ಹೋಗುವುದಿಲ್ಲ.
3. 20 ನಿಮಿಷ ನಿಲ್ಲಿಸದೆ ರೆಕಾರ್ಡ್ ಮಾಡಿ. ಬಿಸಿಯಾಗಿ ಬಂದ್ ಆಗುತ್ತದಾ ನೋಡಿ.
4. ಮೈಕ್ ಚುಚ್ಚಿ, ವೈರ್ ಸ್ವಲ್ಪ ಅಲ್ಲಾಡಿಸಿ, ರೆಕಾರ್ಡ್ ಕೇಳಿ. ಕರಕರ ಬಂದರೆ ಜಾಕ್ ಸಡಿಲ.
5. ಮೂಲ ಬಿಲ್ ಕೇಳಿ. ಬಿಲ್ಲಿನ ಸೀರಿಯಲ್ ನಂಬರ್, ಕ್ಯಾಮೆರಾದ ಅಡಿಯ ನಂಬರ್ ಒಂದೇ ಇರಬೇಕು. ಬಿಲ್ ಇಲ್ಲದ ಮಾಲು ಕದ್ದದ್ದೂ ಆಗಿರಬಹುದು.

ಗಲ್ಫ್‌ನಿಂದ ಬರುವ ಅಣ್ಣ, ಮಾವನ ಕೈಯಲ್ಲಿ ತರಿಸುವವರು ಒಂದು ವಿಷಯ ಕೇಳಿಕೊಳ್ಳಿ: ಆ ವಾರಂಟಿ ಭಾರತದಲ್ಲಿ ನಡೆಯುತ್ತದಾ? ನಡೆಯದಿದ್ದರೆ ಉಳಿಸಿದ ಹಣ ಒಂದು ರಿಪೇರಿಗೆ ಹೋಗುತ್ತದೆ.

ಮನೆಯಲ್ಲಿ ಕ್ಯಾಮೆರಾವನ್ನು ಬ್ಯಾಗಿನಲ್ಲಿ ಕಟ್ಟಿಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ತೆಗೆದು ಬಳಸಿ.

ಕೊಳ್ಳದೆ ಬಾಡಿಗೆಗೆ ತಂದರೆ?

ನೀವು ವರ್ಷಕ್ಕೆ ಹತ್ತು ದಿನ ಮಾತ್ರ ಶೂಟ್ ಮಾಡುವವರಾದರೆ ಕ್ಯಾಮೆರಾ ಕೊಳ್ಳುವ ಅಗತ್ಯವೇ ಇಲ್ಲ. ಪ್ರತಿ ಊರಿನಲ್ಲೂ ಮದುವೆ ವೀಡಿಯೋ ಮಾಡುವವರು ಇದ್ದಾರೆ. ಅವರಲ್ಲಿ ಒಳ್ಳೆಯ ಕ್ಯಾಮೆರಾ ಉಂಟು, ಲೆನ್ಸ್ ಉಂಟು, ಬೆಳಕೂ ಉಂಟು. ಆಷಾಢದಲ್ಲಿ, ರಮಝಾನ್‌ನಲ್ಲಿ ಮದುವೆ ಕಡಿಮೆ, ಆ ಸಾಮಾನು ಸುಮ್ಮನೆ ಕಪಾಟಿನಲ್ಲಿರುತ್ತದೆ. ಆಗ ಹೋಗಿ ಮಾತಾಡಿ. ಕೆಲವರು ಸಾಮಾನಿನ ಜೊತೆ ತಾವೂ ಬರುತ್ತಾರೆ. ಸೀಸನ್‌ನಲ್ಲಿ ನೀವು ಅವರ ಜೊತೆ ಎರಡು ಮದುವೆಗೆ ಕೆಲಸ ಮಾಡಿಕೊಟ್ಟರೆ ಬಾಡಿಗೆಯೂ ಬೇಡ ಎನ್ನುವವರು ಸಿಗುತ್ತಾರೆ. ಕ್ಯಾಮೆರಾ ಕಲಿಯಲು ಇದಕ್ಕಿಂತ ಅಗ್ಗದ ಶಾಲೆ ಇಲ್ಲ.

ಬಾಡಿಗೆ ತರುವಾಗ ಸಾಮಾನಿನ ಪಟ್ಟಿ, ಈಗಾಗಲೇ ಇರುವ ಗೀರು ಎಲ್ಲದರ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಡಿ. ಮುಂದೆ ಮಾತು ಬೆಳೆಯುವುದಿಲ್ಲ.

ಮೆಮೊರಿ ಮತ್ತು ಎಡಿಟಿಂಗ್

ಸೆಕೆಂಡಿಗೆ 100 ಮೆಗಾಬಿಟ್ ವೇಗದ 4ಕೆ ರೆಕಾರ್ಡಿಂಗ್ ಒಂದು ನಿಮಿಷಕ್ಕೆ ಸುಮಾರು 750 ಎಂಬಿ, ಗಂಟೆಗೆ 45 ಜಿಬಿ ತಿನ್ನುತ್ತದೆ. 15 ನಿಮಿಷದ ಸಿನಿಮಾಕ್ಕೆ ಎಂಟು ಪಟ್ಟು ಶೂಟ್ ಮಾಡಿದರೆ ಎರಡು ಗಂಟೆ, ಅಂದರೆ 90 ಜಿಬಿ. ಎರಡು ಕಡೆ ಕಾಪಿ ಇಡಲೇಬೇಕು, ಹಾಗಾದರೆ 180 ಜಿಬಿ. ಇದರ ಲೆಕ್ಕ ಮೊದಲೇ ಹಾಕಿ. ಎರಡು ಕಾಪಿ ಆಗುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಸಾಫ್ಟ್‌ವೇರ್‌ಗೆ ಹಣ ಬೇಡ, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು.

ನಿಮ್ಮ ಹಣಕ್ಕೆ ನಮ್ಮ ಸಲಹೆ

• 20 ಸಾವಿರದೊಳಗೆ: ಕ್ಯಾಮೆರಾ ಕೊಳ್ಳಬೇಡಿ. ಇರುವ ಫೋನಿಗೆ ಕಾಲರ್ ಮೈಕ್, ಗಟ್ಟಿ ಟ್ರೈಪಾಡ್, ಎನ್‌ಡಿ ಫಿಲ್ಟರ್, ಒಂದು ಎಲ್‌ಇಡಿ. ಉಳಿದದ್ದು ಊಟಕ್ಕೆ.
• 60 ಸಾವಿರದ ಆಸುಪಾಸು: ಸೆಕೆಂಡ್ ಹ್ಯಾಂಡ್ ಬಾಡಿ, ಕಿಟ್ ಲೆನ್ಸ್, ಮೇಲಿನ ಸಾಮಾನುಗಳು. ಒಳ್ಳೆಯ ಬಾಡಿ ಸಿಗದಿದ್ದರೆ ಬಾಡಿಗೆಗೆ ಹೋಗಿ.
• ಒಂದು ಲಕ್ಷ ದಾಟಿದರೆ: ಹೊಸ ಎಪಿಎಸ್-ಸಿ ಮಿರರ್‌ಲೆಸ್, ಒಂದು ಅಗಲದ ಎಫ್/1.8 ಲೆನ್ಸ್, ಸೌಂಡ್ ರೆಕಾರ್ಡರ್. ಕ್ಯಾಮೆರಾ ಮತ್ತು ಲೆನ್ಸ್ ಸೇರಿ 45 ಭಾಗದ ಗೆರೆ ದಾಟಿದರೆ ಒಂದು ಮೆಟ್ಟಿಲು ಕೆಳಗಿನ ಮಾದರಿ, ಇಲ್ಲವೇ ಹಳೆಯದು ನೋಡಿ.

ಸಾಲ ಮಾಡಿ, ಚಿನ್ನ ಅಡವಿಟ್ಟು ಮೊದಲ ಕ್ಯಾಮೆರಾ ಕೊಳ್ಳಬೇಡಿ. ಬಾಬುರಾವ್ ಪೇಂಟರ್ 1925ರಲ್ಲಿ 'ಸಾವಕಾರಿ ಪಾಶ್' ಎಂಬ ಚಿತ್ರ ತೆಗೆದರು. ಸಾಲ ಕೊಟ್ಟವನ ಕೈಗೆ ಜಮೀನು ಹೋಗಿ ಊರು ಬಿಡುವ ರೈತನ ಕಥೆ ಅದು. ಅದರಲ್ಲಿ ರೈತನ ಪಾತ್ರ ಮಾಡಿದ್ದು ಯುವಕ ಶಾಂತಾರಾಮ್.

ಸಣ್ಣ ಭಾಷೆಯವರಿಗೆ ಇದು ಯಾಕೆ ಮುಖ್ಯ?

59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಕಥಾಚಿತ್ರದ ಸ್ವರ್ಣಕಮಲವನ್ನು ಎರಡು ಚಿತ್ರಗಳು ಹಂಚಿಕೊಂಡವು. ಒಂದು ಸುವೀರನ್ ನಿರ್ದೇಶನದ 'ಬ್ಯಾರಿ', ನಮ್ಮ ಭಾಷೆಯ ಮೊದಲ ಸಿನಿಮಾ. ಇನ್ನೊಂದು ಮರಾಠಿಯ 'ದೇಊಳ್'. ನೂರು ವರ್ಷದ ಪರಂಪರೆಯ ಭಾಷೆಯ ಪಕ್ಕದಲ್ಲಿ ಮೊದಲ ಹೆಜ್ಜೆ ಇಟ್ಟ ಭಾಷೆ ನಿಂತಿತು. ಅಸ್ಸಾಮಿನ ರೀಮಾ ದಾಸ್ ತನ್ನ ಊರಿನ ಮಕ್ಕಳನ್ನೇ ಹಾಕಿ, ತಾನೇ ಕ್ಯಾಮೆರಾ ಹಿಡಿದು, ತಾನೇ ಎಡಿಟ್ ಮಾಡಿದ 'ವಿಲೇಜ್ ರಾಕ್‌ಸ್ಟಾರ್ಸ್' (2017) ಕೂಡ ಸ್ವರ್ಣಕಮಲ ಪಡೆಯಿತು. ಮಹಾರಾಷ್ಟ್ರದ ಇನ್ನೊಂದು ಮಗ್ಗದ ಊರು ಮಾಲೆಗಾಂವ್‌ನಲ್ಲಿ ನಾಸಿರ್ ಶೇಖ್ ಮತ್ತು ಗೆಳೆಯರು ಸಾಮಾನ್ಯ ವೀಡಿಯೋ ಕ್ಯಾಮೆರಾದಲ್ಲಿ, ಸೈಕಲನ್ನೇ ಟ್ರಾಲಿ ಮಾಡಿಕೊಂಡು ಸಿನಿಮಾ ತೆಗೆದರು. ಮಗ್ಗದಲ್ಲಿ ದುಡಿಯುವವರೇ ನಟರು. ಅವರ ಮೇಲೆ 'ಸೂಪರ್‌ಮೆನ್ ಆಫ್ ಮಾಲೆಗಾಂವ್' ಎಂಬ ಸಾಕ್ಷ್ಯಚಿತ್ರವೇ ಬಂತು.

ಬ್ಯಾರಿಗಾಗಲಿ, ಮುರಗೂಡ-ಗಡಹಿಂಗ್ಲಜ ಕಡೆಯ ಕನ್ನಡಕ್ಕಾಗಲಿ ದೊಡ್ಡ ಮಾರುಕಟ್ಟೆ ಇಲ್ಲ. ಮೊದಲ ಸಿನಿಮಾದಲ್ಲಿ ಹಾಕಿದ ಹಣ ಹಿಂದಿರುಗಿ ಬರುತ್ತದೆ ಎಂಬ ಭರವಸೆ ಇಲ್ಲ. ಅದಕ್ಕೇ ಮೊದಲ ಸಿನಿಮಾದಲ್ಲೇ ಎಲ್ಲ ಹಣ ಮುಗಿಸಬಾರದು. ಅಜ್ಜಿಯ ಮಾತು, ಮೀನು ಮಾರ್ಕೆಟಿನ ಮಾತು, ಗಡಿಯ ಸಂತೆಯ ಮಾತು ದಾಖಲಾಗಬೇಕಾದರೆ ಒಂದು ಸಿನಿಮಾ ಸಾಲದು. ಎರಡನೆಯದು, ಮೂರನೆಯದು ಬೇಕು.

ಈ ಶುಕ್ರವಾರ ಫೋನಿನಲ್ಲೇ ಶುರು ಮಾಡಿ. ಮನೆಯ ಹಿರಿಯರೊಬ್ಬರನ್ನು ಕಿಟಕಿಯ ಪಕ್ಕ ಕೂರಿಸಿ, ಕಾಲರ್ ಮೈಕ್ ಹಾಕಿ, ಐದು ನಿಮಿಷ ಮಾತಾಡಿಸಿ. ಮೊದಲು ಹೆಡ್‌ಫೋನ್ ಹಾಕಿ ಕೇಳಿ, ಆಮೇಲೆ ಚಿತ್ರ ನೋಡಿ. ಏನು ಕಡಿಮೆಯಾಯಿತು ಅಂತ ಒಂದು ಕಾಗದದಲ್ಲಿ ಬರೆಯಿರಿ. ಅಂಗಡಿಗೆ ಹೋಗುವಾಗ ಆ ಕಾಗದವನ್ನೇ ತೆಗೆದುಕೊಂಡು ಹೋಗಿ.